ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ: ಬಾವಿ, ಹೊಂಡ, ಜಲಾಶಯಗಳಲ್ಲಿ ಎಚ್ಚರಿಕೆ



ಯುಗಾದಿ ಮುಗಿಯಿತು. ಕಡಲೆ, ಬಿಳಿಜೋಳ ಮನೆ ಸೇರಿದವು. ಇನ್ನು ಸಾಲೆಗೆ ರಜೆ. ಬೀಜ ಗೊಬ್ಬರದ ಮಾತು ಬಿಟ್ಟು ಈ ಕೃಷಿ ಅಧಿಕಾರಿ ಈಜಿನ ಮಾತು ಯಾಕೆ ತೆಗೆದ ಅಂತ ನೀವು ಕೇಳಬಹುದು. ಹೊಲದ ಬಾವಿ ನಮ್ಮದು, ಕೃಷಿ ಹೊಂಡ ನಮ್ಮದು, ಅದರಲ್ಲಿ ಧುಮುಕುವ ಹುಡುಗರೂ ನಮ್ಮವರೇ. ಆದಕಾರಣ ಇದೂ ಒಕ್ಕಲುತನದ ಮಾತೇ.

ನಾನು ಹನ್ನೆರಡು ವರ್ಷದವನಿದ್ದಾಗಿನ ಸಂಗತಿ ಹೇಳುತ್ತೇನೆ. ಮೇ ತಿಂಗಳ ಮಟಮಟ ಮಧ್ಯಾಹ್ನ. ಹೊಲದಲ್ಲಿ ತೊಗರಿ ಕಟ್ಟಿಗೆ ಆರಿಸಿ ಮೈಯೆಲ್ಲ ಬೆವರು. ಓಡುತ್ತ ಬಂದವನು ಬಾವಿಯ ದಂಡೆಯಿಂದ ಹಾರಿಯೇಬಿಟ್ಟೆ. ಈಜು ನನಗೆ ಚೆನ್ನಾಗಿ ಬರುತ್ತಿತ್ತು. ಆದರೂ ಆಳಕ್ಕೆ ಮುಳುಗಿದೊಡನೆ ಎದೆ ಹಿಡಿದಂತಾಯಿತು, ಬಾಯಿ ತಾನಾಗಿಯೇ ತೆರೆಯಿತು, ನೀರು ಒಳಗೆ ಹೋಯಿತು. ಮೇಲೆ ಬಂದೆ, ಆದರೆ ಕೈಕಾಲು ಆಡಲೊಲ್ಲವು. ಕಾಕಾ ಎತ್ತಿನ ಹಗ್ಗ ಎಸೆದರು. ಹಗ್ಗ ಕೈಗೆ ಸಿಕ್ಕಿತು, ನಾನು ಉಳಿದೆ.

ಈಜು ಬರುವವನಿಗೆ ಹೀಗೇಕಾಯಿತು? ಬಿಸಿಲು ಬೀಳುವುದು ನೀರಿನ ಮೇಲ್ಭಾಗಕ್ಕೆ. ಕಾದ ನೀರು ಹಗುರ, ತಣ್ಣೀರು ಭಾರ. ಆದಕಾರಣ ಬೇಸಿಗೆಯಲ್ಲಿ ಬೆಚ್ಚನೆಯ ನೀರು ಮೇಲೆ ಹಾಸಿಕೊಂಡು ಇರುತ್ತದೆ, ತಣ್ಣೀರು ಕೆಳಗೇ ಉಳಿಯುತ್ತದೆ. ದಂಡೆಯಲ್ಲಿ ಕೈ ಅದ್ದಿ ನೋಡಿದವನಿಗೆ ತಳದ ಸುದ್ದಿ ತಿಳಿಯದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಕಾದ ಮೈಗೆ ಒಮ್ಮೆಲೇ ತಣ್ಣೀರು ತಾಗಿದರೆ ಉಸಿರು ಗಕ್ಕನೆ ಒಳಗೆ ಎಳೆಯುತ್ತದೆ, ಎದೆ ಡವಡವ ಬಡಿಯುತ್ತದೆ. ಆ ಗಳಿಗೆಯಲ್ಲಿ ಮುಖ ನೀರೊಳಗಿದ್ದರೆ ಎಂಥ ಈಜುಗಾರನೂ ನೀರು ಕುಡಿಯುತ್ತಾನೆ.

ನನ್ನ ಮಾತು ನಂಬಿಕೆಯಾಗದಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿರಿ. ಖಾಲಿ ಬಾಟಲಿಗೆ ಕಲ್ಲು ಕಟ್ಟಿರಿ. ಬಿರಡೆಯನ್ನು ಸಡಿಲಾಗಿ ಹಾಕಿ, ಅದಕ್ಕೊಂದು ದಾರ, ಬಾಟಲಿಗೊಂದು ದಾರ ಕಟ್ಟಿ ಬಾವಿಯ ತಳಕ್ಕೆ ಬಿಡಿರಿ. ಅಲ್ಲಿ ಬಿರಡೆ ಎಳೆದು, ನೀರು ತುಂಬಿದ ಮೇಲೆ ಎತ್ತಿರಿ. ಒಂದು ಕೈಯನ್ನು ಆ ನೀರಿಗೆ, ಇನ್ನೊಂದನ್ನು ಮೇಲಿನ ನೀರಿಗೆ ಅದ್ದಿರಿ. ಹುಡುಗರ ಮುಂದೆಯೇ ಇದನ್ನು ಮಾಡಿರಿ. ನೂರು ಸಲ ಬೈಯುವುದಕ್ಕಿಂತ ಇದು ಮೇಲು.

ಇನ್ನು ಕಾಲಕಾಲದ ಮಾತು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಹತ್ತಿರದ ಕಾರಂಜಾ ಜಲಾಶಯವನ್ನು ನೀವೆಲ್ಲ ನೋಡಿದ್ದೀರಿ. ಬೇಸಿಗೆಯಲ್ಲಿ ಅಲ್ಲಿ ನೀರು ಹಿಂದೆ ಸರಿಯುತ್ತದೆ. ಸರಿದ ಜಾಗದಲ್ಲಿ ಕರಿಮಣ್ಣಿನ ಕೆಸರು ಇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಮೊಣಕಾಲ ತನಕ ಹುಗಿಯುತ್ತದೆ. ಹೂಳು ತೆಗೆದ ಜಾಗಗಳಲ್ಲಿ ಗುಂಡಿಗಳು ಉಂಟು. ಸೊಂಟದುದ್ದ ನೀರು ಅಂದುಕೊಂಡು ಹೋದವನು ಮುಂದಿನ ಹೆಜ್ಜೆಗೆ ಆಳಕ್ಕೆ ಬೀಳುತ್ತಾನೆ. ಎಮ್ಮೆಯ ಬಾಲ ಹಿಡಿದು ನಡುನೀರಿಗೆ ಹೋಗುವ ಹುಡುಗರಿಗೆ ಇದನ್ನು ಮೊದಲು ತಿಳಿಸಿರಿ.

ಮಳೆಗಾಲದಲ್ಲಿ ನೀರಿನ ತಂಪಿಗಿಂತ ಸೆಳವು ಕೆಟ್ಟದ್ದು. ಮಾಂಜ್ರಾ ಹುಟ್ಟುವುದು ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ. ಅಲ್ಲಿ ಮಳೆ ಹೊಡೆದರೆ, ಇಲ್ಲಿ ಹನಿ ಬೀಳದಿದ್ದರೂ, ನಮ್ಮ ಔರಾದ ಸೀಮೆಯಲ್ಲಿ ಹೊಳೆ ಏರುತ್ತದೆ. ಆದ್ದರಿಂದ ನಮ್ಮೂರ ಮುಗಿಲು ನೋಡಿ ಹೊಳೆಗೆ ಇಳಿಯಬಾರದು.

ಚಳಿಗಾಲದಲ್ಲಿ ಮಾತು ತಿರುಗುತ್ತದೆ. ರಾತ್ರಿಯ ಥಂಡಿಗೆ ಜಲಾಶಯದ ಮೇಲಿನ ನೀರು ತಣ್ಣಗಾಗಿ ಕೆಳಗೆ ಇಳಿಯುತ್ತದೆ. ಹೀಗೆ ಕಲೆತು ನೀರೆಲ್ಲ ತಣ್ಣಗಾಗುತ್ತದೆ. ಆದರೆ ನೆಲದಾಳದ ತಾಪ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಅದಕ್ಕೇ ಎಳ್ಳ ಅಮಾವಾಸ್ಯೆಯ ನಸುಕಿನಲ್ಲಿ ಬಾವಿಯಿಂದ ಹೊಗೆ ಏಳುವುದನ್ನು ಕಾಣುತ್ತೀರಿ. ಅಂದು ಬಾವಿಯ ನೀರು ಬೆಚ್ಚಗಿತ್ತೆಂದು ಕೆರೆಯೂ ಬೆಚ್ಚಗಿರುತ್ತದೆ ಅಂತ ತಿಳಿಯಬೇಡಿರಿ.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ನಮ್ಮ ಕೃಷಿ ಹೊಂಡದ್ದು. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲಗಳಲ್ಲಿ ಹೊಂಡಗಳಾದವು. ಬೆಳೆಗೆ ಅನುಕೂಲವಾಯಿತು, ನಿಜ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದು ಜಾರುತ್ತದೆ. ಬಿದ್ದವನಿಗೆ ಹಿಡಿಯಲು ಒಂದು ಕಲ್ಲಿಲ್ಲ, ಒಂದು ಬೇರಿಲ್ಲ. ಈಜು ಬಂದರೂ ಹತ್ತಿ ಬರಲಾಗದೆ ದಣಿದು ಮುಳುಗುತ್ತಾನೆ. ಆದಕಾರಣ ನಾಲ್ಕೂ ಬದಿಗೆ ಗಟ್ಟಿ ಗೂಟ ಹೊಡೆದು, ಗಂಟು ಹಾಕಿದ ಹಗ್ಗವನ್ನು ನೀರಿನ ತನಕ ಇಳಿಬಿಡಿರಿ. ಸುತ್ತ ಬೇಲಿ ಹಾಕಿರಿ. ಬಾಯಿ ಬಿಗಿದ ಖಾಲಿ ಕ್ಯಾನಿಗೆ ಉದ್ದ ಹಗ್ಗ ಕಟ್ಟಿ ದಂಡೆಯಲ್ಲಿಡಿರಿ. ಬಾವಿಗೂ ಇದೇ ಸಾಮಾನು ಸಾಕು.

ಹುಡುಗರಿಗೆ ಈಜು ಬೇಡ ಎನ್ನುವುದಿಲ್ಲ, ಕಲಿಸಿರಿ. ಹಿರಿಯರು ದಂಡೆಯಲ್ಲಿ ನಿಂತು, ಬೆಂಡು ಕಟ್ಟಿ, ಮೆಟ್ಟಿಲಿರುವ ಬಾವಿಯಲ್ಲಿ ಕಲಿಸಬೇಕು. ಬೆವರು ಆರಲಿ. ಮೊದಲು ಕಾಲು, ಆಮೇಲೆ ಕೈ, ಎದೆಗೆ ನೀರು ಹಚ್ಚಿಕೊಂಡು ಮೆಲ್ಲಗೆ ಇಳಿಯಲಿ. ದಂಡೆಯಿಂದ ಹಾರಬಾರದು, ಒಬ್ಬನೇ ಹೋಗಬಾರದು, ಕುಡಿದವನು ನೀರಿನ ಹತ್ತಿರವೂ ಸುಳಿಯಬಾರದು.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿರಿ. ಒಬ್ಬನನ್ನು ಹಿಡಿಯಲು ಹೋಗಿ ಇಬ್ಬರು ಹೋಗುತ್ತಾರೆ. ಹಗ್ಗ, ಕ್ಯಾನು, ಧೋತರ, ಸೀರೆ, ಉದ್ದ ಗಳ, ಕೈಗೆ ಸಿಕ್ಕದ್ದನ್ನು ಎಸೆಯಿರಿ. ಹೊರತೆಗೆದ ಮೇಲೆ ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತುವುದು ಮಾಡಬಾರದು. ಅಂಗಾತ ಮಲಗಿಸಿ, ಗದ್ದ ಎತ್ತಿ, ಉಸಿರು ನೋಡಿರಿ. ಉಸಿರಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿ ಹಚ್ಚಿ 5 ಸಲ ಊದಿರಿ. ಆಮೇಲೆ ಎದೆಯ ನಡುವೆ 30 ಸಲ ಬೇಗಬೇಗ ಒತ್ತಿ, 2 ಸಲ ಊದಿರಿ. ಉಸಿರು ಬರುವ ತನಕ ಅಥವಾ ಸಹಾಯ ಬರುವ ತನಕ ಹೀಗೆಯೇ ನಡೆಸಿರಿ. ಒಬ್ಬರು ಇದನ್ನು ಮಾಡುತ್ತಿರುವಾಗ ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಎಚ್ಚರವಾದರೂ ದವಾಖಾನೆಗೆ ಒಯ್ಯಲೇಬೇಕು.

ನಮ್ಮ ಕಾಕಾ ಈಗಿಲ್ಲ. ಅವರು ಎಸೆದದ್ದು ಒಂದು ಹಳೆಯ ಹಗ್ಗ. ಅದು ಅಂದು ದಂಡೆಯಲ್ಲಿತ್ತು ಅಂತ ಈ ಮಾತು ಹೇಳಲು ನಾನಿದ್ದೇನೆ. ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಒಂದು ಹಗ್ಗ ಒಯ್ದು ನಿಮ್ಮ ಬಾವಿಯ ದಂಡೆಗೆ ಕಟ್ಟಿ ಬನ್ನಿರಿ.