ಟೊಳ್ಳು, ಗಟ್ಟಿ, ನಲ್ಲಿ ನೀರು



ಮಕ್ಕಳು ಪದವಿ ಪಡೆಯುವ ಇಂಥ ದಿನ ಅತಿಥಿಯಾಗಿ ಬಂದವರು ಬೆಳಗಿನ ಜಾವಕ್ಕೆ ಏಳಿ ಎಂದು ಹೇಳಿಹೋಗುವುದು ವಾಡಿಕೆ. ನಾನು ಹೇಳಲಾರೆ, ಎದ್ದು ನೋಡಿದವಳು. ಚಾಮರಾಜಪೇಟೆಯ ವಠಾರಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ, ಬ್ಯಾಂಕಿನ ಕೆಲಸದ ಜೊತೆಗೆ ಕತೆಯನ್ನೂ ಬರೆಯಬೇಕೆಂದು ನಾಲ್ಕೂವರೆಗೆ ಅಲಾರಂ ಇಟ್ಟೆ. ಹದಿನೈದು ದಿನ ಎದ್ದೆ, ಹದಿನೈದು ದಿನವೂ ಕೂತಲ್ಲೇ ತೂಕಡಿಸಿದೆ. ನೋಟ್‌ಬುಕ್ಕಿನಲ್ಲಿ ಉಳಿದದ್ದು ಕಾಫಿ ಲೋಟದ ಗುರುತು ಮಾತ್ರ.

ವಠಾರಕ್ಕೆ ದಿನ ಬಿಟ್ಟು ದಿನ, ರಾತ್ರಿ ಹನ್ನೊಂದರ ಮೇಲೆ ನೀರು ಬರುತ್ತಿತ್ತು. ಆರು ಮನೆಗೆ ಒಂದೇ ನಲ್ಲಿ, ಅದೂ ಸಣ್ಣ ಧಾರೆ. ಸರದಿ ಬರುವವರೆಗೆ, ಬಂದ ಮೇಲೆ ಕೊಡ ತುಂಬುವವರೆಗೆ ಮೆಟ್ಟಿಲ ಮೇಲೆ ಕೂರಬೇಕು. ಸುಮ್ಮನೆ ಯಾಕೆ ಕೂರುವುದೆಂದು ಒಂದು ರಾತ್ರಿ ಹಳೇ ಚಲನ್‌ಗಳ ಹಿಂಬದಿಯಲ್ಲಿ ಬರೆಯಲು ಶುರುಮಾಡಿದೆ. ಕೊಡಕ್ಕೆ ಬೀಳುವ ನೀರಿನ ಸದ್ದು ಮೊದಲು ಟೊಳ್ಳು, ಆಮೇಲೆ ಗಟ್ಟಿ, ಕಂಠದ ಹತ್ತಿರ ಬಂದಾಗ ಕೀರಲು. ಅಷ್ಟರೊಳಗೆ ವಾಕ್ಯ ಮುಗಿಸಿ ಎದ್ದು ಕೊಡ ಬದಲಿಸುತ್ತಿದ್ದೆ. ನನ್ನ ವಾಕ್ಯಗಳು ಇವತ್ತಿಗೂ ಗಿಡ್ಡ. ವಿಮರ್ಶಕರು ಅದನ್ನು ಶೈಲಿ ಎಂದರು, ನಾನೂ ತಿದ್ದಲು ಹೋಗಲಿಲ್ಲ.

ಟೊಳ್ಳು, ಗಟ್ಟಿ ಎಂದ ಮೇಲೆ ‘ಟೊಳ್ಳುಗಟ್ಟಿ’ ನಾಟಕದ ಕೈಲಾಸಂ ನೆನಪಾಗದೆ ಇರುತ್ತಾರೆಯೇ? ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಮನುಷ್ಯ, ಲೇಖನಿ ಹಿಡಿದು ಕೂರುವ ಜಾಯಮಾನದವರಲ್ಲ. ಅವರು ಬಾಯಲ್ಲಿ ಆಡುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಆ ನಾಟಕಗಳ ಮಾತಿಗೆ ಇರುವ ನಾಲಿಗೆಯ ಓಟ ಮೇಜಿನ ಮುಂದೆ ಕೂತಿದ್ದರೆ ಬರುತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

ಇಲ್ಲಿಂದ ನಡೆದು ಹೋಗುವಷ್ಟು ದೂರದ ಗವಿಪುರದಲ್ಲಿ ಮಾಸ್ತಿಯವರ ಮನೆಯಿದೆ. ಅವರದು ತೀರಾ ಬೇರೆ ಲೆಕ್ಕ. 1914ರಲ್ಲಿ ಮೈಸೂರು ಸರ್ಕಾರದ ನೌಕರಿಗೆ ಸೇರಿ 1943ರಲ್ಲಿ ರಾಜೀನಾಮೆ ಕೊಟ್ಟರು. ಆ ವರ್ಷಗಳಲ್ಲಿ ಬಂದದ್ದು ಹೆಚ್ಚಾಗಿ ಸಣ್ಣ ಕತೆಗಳು, 1928ರ ಸುಬ್ಬಣ್ಣನಂಥ ನೀಳ್ಗತೆ. ‘ಚೆನ್ನಬಸವನಾಯಕ’ 1949ರಲ್ಲಿ, ‘ಚಿಕವೀರ ರಾಜೇಂದ್ರ’ 1956ರಲ್ಲಿ. ಎರಡು ದೊಡ್ಡ ಕಾದಂಬರಿಗಳೂ ಕಚೇರಿ ಬಿಟ್ಟ ಮೇಲಿನವು. ಎರಡನೆಯದನ್ನು ಬರೆದಾಗ ಅರವತ್ತು ದಾಟಿತ್ತು, ಅದಕ್ಕೆ ಜ್ಞಾನಪೀಠ ಬಂದದ್ದು 1983ರಲ್ಲಿ. ಕಡತಗಳ ನಡುವೆ ಸಿಕ್ಕ ಬಿಡುವು ಎಷ್ಟೋ ಅಷ್ಟರ ಕತೆ, ದಿನವೆಲ್ಲ ತಮ್ಮದಾದಾಗ ಕಾದಂಬರಿ. ನನಗೆ ಕಾಣುವುದು ಹೀಗೆ. ಬಿಡುವಿಲ್ಲವೆಂದು ಅವರು ಬರೆಯುವುದನ್ನು ಮುಂದಕ್ಕೆ ಹಾಕಲಿಲ್ಲ, ಬಿಡುವಿಗೆ ಹಿಡಿಸುವಂಥದ್ದನ್ನು ಬರೆದರು.

ಬಿಡುವು ಸಿಗದಿದ್ದರೆ ಕೆಲಸವನ್ನೇ ನಿಲ್ಲಿಸಿ ಬಿಡುವು ಮಾಡಿಕೊಳ್ಳುವುದೂ ಒಂದು ದಾರಿ. ಅದಕ್ಕೆ ಗಾಂಧಿಬಜಾರಿನ ವಿದ್ಯಾರ್ಥಿ ಭವನವಿದೆ. 1943ರಿಂದ ದೋಸೆ ಹುಯ್ಯುತ್ತಿರುವ ಜಾಗ, ಮಧ್ಯಾಹ್ನ ಬಾಗಿಲು ಹಾಕುತ್ತದೆ, ಶುಕ್ರವಾರ ರಜೆ. ಗಿರಾಕಿ ತಪ್ಪಿಹೋದನೆಂದು ಅಲ್ಲಿಯವರು ಅತ್ತದ್ದನ್ನು ನಾನು ಕಂಡಿಲ್ಲ.

ನನ್ನ ಕತೆಗೆ ವಾಪಸು ಬರುತ್ತೇನೆ. ವಠಾರಕ್ಕೆ ಸಂಪು ಬಂತು, ಮೋಟಾರು ಬಂತು, ರಾತ್ರಿ ನಿದ್ದೆ ಬಂತು. ಬರವಣಿಗೆ ನಿಂತೇಹೋಯಿತು. ಎಂಟು ತಿಂಗಳು ಒಂದು ಸಾಲಿಲ್ಲ. ಹುಚ್ಚಿಯ ಹಾಗೆ ರಾತ್ರಿ ಹನ್ನೊಂದಕ್ಕೆ ಎದ್ದು ಅದೇ ಮೆಟ್ಟಿಲ ಮೇಲೆ ಕೂತೂ ನೋಡಿದೆ. ಸೊಳ್ಳೆ ಕಚ್ಚಿತು, ಅಷ್ಟೇ. ಆಮೇಲೆ ಒಂದು ಡಿಸೆಂಬರಿನಲ್ಲಿ, ನೆನೆಸಿಟ್ಟ ಅವರೆಕಾಳನ್ನು ಹಿಚುಕುತ್ತಾ ಕೂತಿದ್ದಾಗ, ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುವ ಹೊತ್ತಿಗೆ ಒಂದು ವಾಕ್ಯವೂ ಬಿತ್ತು. ಹಿಂದೆಯೇ ಇನ್ನೊಂದು. ನನಗೆ ಬೇಕಿದ್ದದ್ದು ರಾತ್ರಿಯಲ್ಲ, ನಲ್ಲಿಯೂ ಅಲ್ಲ, ಕೈಗೊಂದು ಕೆಲಸ. ಅಷ್ಟು ತಿಳಿಯಲು ಹನ್ನೊಂದು ವರ್ಷ ಹಿಡಿಯಿತು ನೋಡಿ.

ಈ ಭಾಷಣವೂ ಹಾಗೇ ಆದದ್ದು. ನನ್ನ ಕೈಯಲ್ಲಿರುವ ಕಾಗದಕ್ಕೆ ಅಲ್ಲಲ್ಲಿ ಅವರೆಯ ಸೊಗಡು ಹತ್ತಿದೆ. ಪ್ರಾಂಶುಪಾಲರಿಗೆ ಕೊಡಲು ಬೇರೆ ಪ್ರತಿ ಮಾಡಿಸಿ ತಂದಿದ್ದೇನೆ.