ಕೊಸರು ಬೇರೆ, ಮರೆತದ್ದು ಬೇರೆ



ಸಿಂಧನೂರಿನ ಕಿರಾಣಿ ಅಂಗಡಿಯಿಂದ ಆರು ಸಾಮಾನು ತಂದಿದ್ದೇವೆ, ಚೀಟಿಯಲ್ಲಿ ಐದಕ್ಕೇ ಲೆಕ್ಕವಿದೆ. ಆರನೆಯದು ಯಾರದು? ‘ನಾವೇನು ಕದ್ದೆವೇ?’ ಎನ್ನುವವರಿದ್ದಾರೆ. ಕದ್ದಿಲ್ಲ, ನಿಜ. ಆದರೆ ಅಂಗಡಿಯವರು ತಿಳಿದು ಕೊಟ್ಟ ಕೊಸರು ಬೇರೆ, ಮರೆತು ಬಿಟ್ಟದ್ದು ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮಿನಂತೆ, ತಪ್ಪಿನಿಂದ ಕೈಸೇರಿದ್ದನ್ನು ಮರಳಿಸಲೇಬೇಕು.

ಕಾಯ್ದೆಗಿಂತ ಎಷ್ಟೋ ಮೊದಲೇ ನಮ್ಮ ಸೀಮೆಯವರು ಇದನ್ನು ಬಲ್ಲರು. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯನವರು 12ನೇ ಶತಮಾನದಲ್ಲಿ ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುತ್ತಿದ್ದರು. ಒಮ್ಮೆ ಅಗತ್ಯಕ್ಕಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಕಥೆ ನಮಗೆಲ್ಲ ಗೊತ್ತು. ಆ ಅಕ್ಕಿಗೆ ಲೆಕ್ಕ ಕೇಳುವವರು ಯಾರೂ ಇರಲಿಲ್ಲ. ಆ ತಾಯಿ ತಾವೇ ಕೇಳಿದರು.

ಒಂದು ಸಾಮಾನಿಗೆ ಎರಡು ಸಲ ದುಡ್ಡು ಹಿಡಿದರೆ ನಾವು ಚೀಟಿ ಹಿಡಿದು ಓಡುವುದಿಲ್ಲವೇ? ಅಂಗಡಿ ದೊಡ್ಡದಿರಬಹುದು. ರಾತ್ರಿ ಲೆಕ್ಕ ತಪ್ಪಿದರೆ ಉತ್ತರ ಕೊಡಬೇಕಾದವನು ಗಲ್ಲೆಯ ಮುಂದಿನ ಹುಡುಗ. ಅವನು ಇದೇ ಶಾಲೆಯಲ್ಲಿ ಕಲಿತವನಿರಬಹುದು.

ಆರನೆಯ ಸಾಮಾನಿನ ದುಡ್ಡನ್ನು ಮಕ್ಕಳ ಕೈಯಲ್ಲೇ ಕೊಟ್ಟು ಕಳಿಸೋಣ.