ಆಹಾರದ ಸಲಹೆಗಳು: ಕೇಳಬೇಕಾದ ಮೂರು ಪ್ರಶ್ನೆಗಳು



ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕನ್ನಡಿಗರ ಮನೆಮಾತು. ಗಾದೆ ಹೇಳುವುದು ಊಟ ಮಾಡುವವನ ವಿಷಯವನ್ನಲ್ಲ, ಊಟ ಬಲ್ಲವನ ವಿಷಯವನ್ನು. ಊಟವನ್ನು ಬಲ್ಲವರಾಗುವುದು ಇಂದು ಹಿಂದಿಗಿಂತ ಸುಲಭವಾಗಬೇಕಿತ್ತು. ಏಕೆಂದರೆ ಆಹಾರದ ಬಗ್ಗೆ ಇಷ್ಟೊಂದು ಸಲಹೆಗಳು ಹಿಂದೆಂದೂ ಕೇಳಿಬಂದಿರಲಿಲ್ಲ. ಅನ್ನವನ್ನು ಬಿಡಬೇಕೆಂದು ಒಬ್ಬರು ಹೇಳಿದರೆ, ತುಪ್ಪವನ್ನು ಬಿಡಬೇಕೆಂದು ಮತ್ತೊಬ್ಬರು ಹೇಳುತ್ತಾರೆ. ಮೂರನೆಯವರು ತುಪ್ಪವನ್ನು ಎಷ್ಟು ತಿಂದರೂ ಬಾಧಕವಿಲ್ಲ ಎನ್ನುತ್ತಾರೆ. ಬೆಳಗಿನ ಉಪಾಹಾರವನ್ನು ಎಂದಿಗೂ ತಪ್ಪಿಸಬಾರದೆಂಬ ಮಾತಿನ ಬೆನ್ನಿಗೇ ದಿನದ ಹದಿನಾರು ಗಂಟೆ ಉಪವಾಸವಿರಬೇಕೆಂಬ ಬೋಧೆಯೂ ಬರುತ್ತದೆ. ಹೀಗೆ ಸಲಹೆಗಳು ಹೆಚ್ಚಿದಷ್ಟೂ ಗೊಂದಲವೂ ಹೆಚ್ಚಿದೆ.

ಈ ಗೊಂದಲದಿಂದ ಪಾರಾಗಲು ಪೋಷಣಶಾಸ್ತ್ರದಲ್ಲಿ ಪದವಿ ಪಡೆಯಬೇಕಾದ ಅಗತ್ಯವಿಲ್ಲ. ಯಾವ ಸಲಹೆ ಬಂದರೂ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವಿದ್ದರೆ ಸಾಕು. ಇದು ಯಾರಿಗೆ? ಎಷ್ಟು? ಯಾವುದರ ಬದಲಿಗೆ?

ಈ ಪ್ರಶ್ನೆಗಳು ಏಕೆ ಮುಖ್ಯವೆಂಬುದನ್ನು ನಮ್ಮ ದೇಶದ ಸಂಶೋಧನೆಯೇ ತೋರಿಸಿಕೊಟ್ಟಿದೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗಾಗಿ ಪುಟ್ಟದೊಂದು ಪ್ರಯೋಗಶಾಲೆಯನ್ನು ಆರಂಭಿಸಿದರು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಾಗಿದೆ. ಮೆಕ್ಯಾರಿಸನ್ ಅವರು ದೇಶದ ಬೇರೆ ಬೇರೆ ಪ್ರದೇಶಗಳ ಊಟವನ್ನು ಇಲಿಗಳ ಬೇರೆ ಬೇರೆ ಗುಂಪುಗಳಿಗೆ ಉಣಿಸಿ ನೋಡಿದರು. ಪಂಜಾಬಿನ ಊಟವನ್ನುಂಡ ಇಲಿಗಳು ಪುಷ್ಟವಾಗಿ ಬೆಳೆದವು. ಹೆಚ್ಚಾಗಿ ನಯಗೊಳಿಸಿದ ಅಕ್ಕಿಯನ್ನೇ ಅವಲಂಬಿಸಿದ್ದ ದಕ್ಷಿಣದ ಬಡ ಊಟವನ್ನುಂಡವು ಸೊರಗಿದವು. ಇದನ್ನು ಕೇಳಿದವರು ಗೋಧಿ ಶ್ರೇಷ್ಠ, ಅಕ್ಕಿ ಕನಿಷ್ಠ ಎಂದು ತೀರ್ಮಾನಿಸುವುದು ಸಹಜ. ಆದರೆ ಪಂಜಾಬಿನ ಆ ಊಟದಲ್ಲಿ ಗೋಧಿಯೊಡನೆ ಹಾಲು, ಬೆಣ್ಣೆ, ಕಾಳು, ಹಸಿ ತರಕಾರಿಗಳೂ ಇದ್ದವು. ಗೆದ್ದದ್ದು ಧಾನ್ಯವೊಂದೇ ಅಲ್ಲ, ಇಡೀ ಊಟ.

ಇದಕ್ಕೆ ಪೂರಕವಾದ ಇನ್ನೊಂದು ನಿದರ್ಶನ ದಖನ್ ಪ್ರಸ್ಥಭೂಮಿಯದು. 1960ರ ಸುಮಾರಿಗೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು ಪೆಲಾಗ್ರ ಎಂಬ ರೋಗವನ್ನು ಅಭ್ಯಸಿಸಿದರು. ಬಿಸಿಲು ಬೀಳುವ ಕಡೆಗಳಲ್ಲಿ ಚರ್ಮ ಕಪ್ಪಾಗಿ ಒರಟಾಗುವುದು, ಅತಿಸಾರ, ಮನೋವಿಕಾರ, ಇವು ಅದರ ಲಕ್ಷಣಗಳು. ಅದು ಮೆಕ್ಕೆಜೋಳವನ್ನೇ ನಂಬಿದವರ ರೋಗವೆಂದು ಅಲ್ಲಿಯವರೆಗೆ ಭಾವಿಸಲಾಗಿತ್ತು. ಇಲ್ಲಿ ಅದು ಬಿಳಿಜೋಳವನ್ನು ಬಿಟ್ಟರೆ ಬೇರೇನೂ ಸಿಗದ ಬಡವರಲ್ಲಿ ಕಾಣಿಸಿಕೊಂಡಿತ್ತು. ಅದೇ ಜೋಳದ ರೊಟ್ಟಿಯನ್ನು ಕಾಳಿನ ಪಲ್ಯ, ಸೊಪ್ಪು, ಶೇಂಗಾ ಚಟ್ನಿ, ಮೊಸರುಗಳೊಡನೆ ಉಣ್ಣುವ ಉತ್ತರ ಕರ್ನಾಟಕದ ಊಟ ಅತ್ಯುತ್ತಮವಾದುದೆಂಬುದರಲ್ಲಿ ಸಂದೇಹವಿಲ್ಲ. ಹಾಗಾದರೆ ಜೋಳ ಒಳ್ಳೆಯದೋ ಕೆಟ್ಟದ್ದೋ? ಪ್ರಶ್ನೆಯೇ ಅಪೂರ್ಣ. ಅದರ ಪಕ್ಕದಲ್ಲಿ ತಟ್ಟೆಯಲ್ಲಿ ಏನಿತ್ತು ಎಂಬುದು ತಿಳಿಯದೆ ಉತ್ತರವಿಲ್ಲ.

ಹುಬ್ಬಳ್ಳಿಯಿಂದ ಪುಣೆಗೆ, ಮಂಡ್ಯದಿಂದ ಚೆನ್ನೈಗೆ, ಮಂಗಳೂರಿನಿಂದ ಮುಂಬಯಿಗೆ ಬಂದು ನೆಲೆಸಿದ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಊರಿನಿಂದ ರಾಗಿ ಹಿಟ್ಟು, ಜೋಳದ ಹಿಟ್ಟು ತರಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಮುದ್ದೆಯ ಜೊತೆಗಿದ್ದ ಸೊಪ್ಪಿನ ಸಾರು, ಮೊಳಕೆ ಕಾಳು, ಮಜ್ಜಿಗೆಗಳು ನಗರದ ಅವಸರದಲ್ಲಿ ಸದ್ದಿಲ್ಲದೆ ಮರೆಯಾಗುತ್ತವೆ. ಹಿಟ್ಟು ಉಳಿದು ಊಟ ಹೋದಂತಾಗುತ್ತದೆ.

ಈಗ ಮೊದಲನೆಯ ಪ್ರಶ್ನೆ: ಈ ಸಲಹೆ ಯಾರಿಗೆ? ಕೀಟೋ ಎಂಬ ಹೆಸರಿನಿಂದ ಪ್ರಸಿದ್ಧವಾದ ಆಹಾರಕ್ರಮ ಇದಕ್ಕೆ ಒಳ್ಳೆಯ ಉದಾಹರಣೆ. ಶರ್ಕರಪಿಷ್ಟವನ್ನು ಬಹುತೇಕ ತೊರೆದು, ಕೊಬ್ಬನ್ನೇ ಮುಖ್ಯ ಆಹಾರವನ್ನಾಗಿ ಮಾಡಿಕೊಳ್ಳುವ ಈ ಕ್ರಮವನ್ನು 1921ರಲ್ಲಿ ಅಮೆರಿಕದ ವೈದ್ಯ ರಸೆಲ್ ವೈಲ್ಡರ್ ಸೂಚಿಸಿದ್ದು ಅಪಸ್ಮಾರದ ರೋಗಿಗಳಿಗಾಗಿ. ವೈದ್ಯರ ನಿಗಾದಲ್ಲಿ ನಡೆಯಬೇಕಾದ ಚಿಕಿತ್ಸೆಯೊಂದು, ತೂಕ ಇಳಿಸುವ ಉಪಾಯವಾಗಿ ಮನೆಮನೆಗೆ ತಲುಪಿದೆ. ದೀರ್ಘ ಉಪವಾಸದ ಮಾತೂ ಹಾಗೆಯೇ. ಆರೋಗ್ಯವಂತರಿಗೆ ಅದರಿಂದ ತೊಂದರೆಯಾಗದಿರಬಹುದು. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುವ ಮಧುಮೇಹಿ ಹಠಾತ್ತನೆ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಲ್ಲದು. ಬೆವರು, ನಡುಕ, ಮಂಕು ಕವಿಯುವುದು ಅದರ ಮುನ್ಸೂಚನೆಗಳು. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿ ಅಂದಾಜು ಮಾಡಿರುವಾಗ, ಇದು ಎಲ್ಲೋ ಒಬ್ಬರಿಗೆ ಸಂಬಂಧಿಸಿದ ಎಚ್ಚರಿಕೆಯಲ್ಲ. ಸೋಡಿಯಂ ಕಡಿಮೆಯಿರುವ ಉಪ್ಪು ರಕ್ತದೊತ್ತಡಕ್ಕೆ ಹಿತವೆಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ರೋಗಿಗಳಿಗೆ ಅದೇ ಮಾರಕವಾದೀತು.

ಮನೆಯಲ್ಲಿ ಒಬ್ಬರಿಗೆ ವೈದ್ಯರು ಹೇಳಿದ ಪಥ್ಯ ಎಲ್ಲರ ಪಥ್ಯವಾಗುವುದೂ ಉಂಟು. ಯಜಮಾನರ ಕೊಬ್ಬಿನ ಭಯದಿಂದ ಎರಡು ವರ್ಷದ ಮಗುವಿನ ಅನ್ನಕ್ಕೆ ತುಪ್ಪ ನಿಲ್ಲುತ್ತದೆ. ಪುಟ್ಟ ಹೊಟ್ಟೆಯಲ್ಲಿ ಹೆಚ್ಚು ಅನ್ನ ಹಿಡಿಸದು. ಬೆಳೆಯುವ ಮಗುವಿಗೆ ಆ ತುಪ್ಪದ ಶಕ್ತಿ ಬೇಕು. ಇನ್ನು ಎಲ್ಲರ ಪಥ್ಯವನ್ನೂ ನೆನಪಿಟ್ಟು ಅಡುಗೆ ಮಾಡಿ, ಕೊನೆಗೆ ಉಳಿದುದನ್ನು ಉಣ್ಣುವ ಗೃಹಿಣಿಯ ಪಥ್ಯವನ್ನು ವಿಚಾರಿಸುವವರು ವಿರಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂಥವರಿಗೆ ಕಡಿಮೆ ಉಣ್ಣಿರೆಂಬ ಸಲಹೆಗಿಂತ, ಕಾಳು ಮತ್ತು ಸೊಪ್ಪನ್ನು ಹೆಚ್ಚಾಗಿ ಉಣ್ಣಿರೆಂಬ, ಅದರ ಮೇಲೆ ನಿಂಬೆರಸ ಹಿಂಡಿಕೊಳ್ಳಿರೆಂಬ, ಊಟವಾದೊಡನೆ ಚಹಾ-ಕಾಫಿ ಬೇಡವೆಂಬ ಸಲಹೆ ಉಪಯುಕ್ತ. ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನಿಂಬೆ ನೆರವಾಗುತ್ತದೆ, ಚಹಾ ಅಡ್ಡಿಪಡಿಸುತ್ತದೆ. ತೀವ್ರವಾದ ರಕ್ತಹೀನತೆಗೆ ಊಟದ ಜೊತೆಗೆ ವೈದ್ಯರು ನೀಡುವ ಮಾತ್ರೆಯೂ ಅನಿವಾರ್ಯ.

ಎರಡನೆಯ ಪ್ರಶ್ನೆ: ಎಷ್ಟು? ಏಳೇ ದಿನಗಳಲ್ಲಿ ನಾಲ್ಕೈದು ಕಿಲೋ ತೂಕ ಇಳಿಸುವುದಾಗಿ ಹೇಳುವ ಆಹಾರಕ್ರಮಗಳನ್ನು ಸರಳ ಲೆಕ್ಕದಿಂದ ಪರೀಕ್ಷಿಸಬಹುದು. ದೇಹದ ಒಂದು ಕಿಲೋ ಕೊಬ್ಬು ಕರಗಬೇಕಾದರೆ 7,000ಕ್ಕೂ ಹೆಚ್ಚು ಕಿಲೋಕ್ಯಾಲೊರಿಗಳಷ್ಟು ಶಕ್ತಿ ವ್ಯಯವಾಗಬೇಕು. ದಿನಕ್ಕೆ 2,000 ಕಿಲೋಕ್ಯಾಲೊರಿ ಬೇಕಾದವರು ಊಟವನ್ನು ಅರ್ಧಕ್ಕಿಳಿಸಿದರೂ ವಾರದಲ್ಲಿ ಕರಗುವ ಕೊಬ್ಬು ಒಂದು ಕಿಲೋದೊಳಗೇ. ಹಾಗಾದರೆ ತಕ್ಕಡಿ ತೋರಿಸಿದ ಉಳಿದ ಇಳಿಕೆ ಯಾವುದು? ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟ ಸುಮಾರು ಅರ್ಧ ಕಿಲೋದಷ್ಟು ಸಂಗ್ರಹವಾಗಿರುತ್ತದೆ. ಅದರ ಪ್ರತಿ ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ನಿಂತಾಗ ಮೊದಲು ಖರ್ಚಾಗುವುದು ಇದು. ಇಳಿದದ್ದು ಬಹುಪಾಲು ನೀರು. ಎಂದಿನಂತೆ ಉಣ್ಣತೊಡಗಿದೊಡನೆ ಅದು ಮರಳುತ್ತದೆ. ಸೋತವನು ತನ್ನ ಮನೋಬಲವನ್ನು ಹಳಿದುಕೊಳ್ಳುತ್ತಾನೆ. ತಪ್ಪಿದ್ದದ್ದು ಲೆಕ್ಕದಲ್ಲಿ.

ಸಿರಿಧಾನ್ಯಗಳ ವಿಷಯದಲ್ಲಿಯೂ ಪ್ರಮಾಣದ ವಿವೇಕ ಬೇಕು. 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವನ್ನಾಗಿ ಆಚರಿಸಿದ ಮೇಲೆ ಅವುಗಳ ಮನ್ನಣೆ ಹೆಚ್ಚಿರುವುದು ಸಂತೋಷದ ಸಂಗತಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ನಾರಿನಂಶವೂ ರಾಗಿಯಲ್ಲೇ ಹೆಚ್ಚು. ಆದರೂ ರಾಗಿಯ ಮೂರರಲ್ಲಿ ಎರಡು ಪಾಲು ಶರ್ಕರಪಿಷ್ಟವೇ. ಮಧುಮೇಹಿಗಳು ರಾಗಿಗೆ ಲೆಕ್ಕವಿಲ್ಲವೆಂದು ಎರಡು ಮುದ್ದೆಯ ಜಾಗದಲ್ಲಿ ಮೂರು ಮುದ್ದೆ ಉಂಡರೆ, ನುಣ್ಣನೆಯ ಹಿಟ್ಟಿನ ಗಂಜಿಗೆ ಬೆಲ್ಲ ಬೆರೆಸಿ ಕುಡಿದರೆ, ರಕ್ತದ ಸಕ್ಕರೆ ಏರುವುದನ್ನು ರಾಗಿಯ ಕೀರ್ತಿ ತಡೆಯಲಾರದು.

ಪ್ರಮಾಣ ಮೀರಿದಾಗ, ರೂಪ ಬದಲಾದಾಗ ತರಕಾರಿಯೂ ವಿಷವಾಗಬಲ್ಲದು. 2010ರಲ್ಲಿ ದೆಹಲಿಯಲ್ಲಿ ಕಹಿಯಾದ ಸೋರೆಕಾಯಿ ರಸವನ್ನು ಕುಡಿದವರೊಬ್ಬರು ಮೃತಪಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇಂಥ ಪ್ರಕರಣಗಳನ್ನು ಪರಿಶೀಲಿಸಿತು. ಕೆಲವು ಸೋರೆಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತು ಹೆಚ್ಚಾಗಿರುತ್ತದೆ, ಅದಕ್ಕೆ ಪ್ರತ್ಯೌಷಧವಿಲ್ಲ. ಹುಳಿಯಲ್ಲಿ ಸೋರೆಕಾಯಿ ಕಹಿಯಾದರೆ ಯಾರೂ ಎರಡನೆಯ ತುತ್ತು ತೆಗೆದುಕೊಳ್ಳುವುದಿಲ್ಲ. ಆದರೆ ಅದೇ ಕಹಿ ಲೋಟದ ರಸದಲ್ಲಿ ಬಂದಾಗ ಔಷಧವೆಂದು ಭಾವಿಸಿ ಕಣ್ಣುಮುಚ್ಚಿ ಕುಡಿಯುತ್ತಾರೆ. ರಸ ತೆಗೆಯುವ ಮುನ್ನ ಸಣ್ಣ ತುಂಡೊಂದನ್ನು ನಾಲಗೆಯ ಮೇಲಿಟ್ಟು ನೋಡಬೇಕು, ಕಹಿಯಿದ್ದರೆ ಎಸೆದುಬಿಡಬೇಕು. ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ತಲೆಸುತ್ತು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮೂರನೆಯ ಪ್ರಶ್ನೆ: ಯಾವುದರ ಬದಲಿಗೆ? ಹೊಟ್ಟೆಗೂ ಕೈಚೀಲಕ್ಕೂ ಮಿತಿಯಿದೆ. ಹೊಸದೊಂದು ಬಂದರೆ ಹಳೆಯದೊಂದು ಹೊರಹೋಗಬೇಕು. ಗುಲಾಬಿ ಬಣ್ಣದ ಕಲ್ಲುಪ್ಪು ಹೆಚ್ಚು ಆರೋಗ್ಯಕರವೆಂದು ಮನೆಗೆ ತಂದಾಗ ಹೊರಹೋಗುವುದು ಅಯೋಡಿನ್‌ಯುಕ್ತ ಉಪ್ಪು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ, ಉಪ್ಪಿಗೆ ಅಯೋಡಿನ್ ಸೇರಿಸುವುದರಿಂದ ಗಳಗಂಡ ಇಳಿಯುವುದೆಂದು ತೋರಿಸಿತು. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವೇ ಆರಂಭವಾಯಿತು. ಬಣ್ಣಕ್ಕೆ ಮರುಳಾಗಿ ಆ ಲಾಭವನ್ನು ಕಳೆದುಕೊಳ್ಳಬಾರದು. ಉಪ್ಪು ಯಾವುದೇ ಆಗಲಿ, ವಯಸ್ಕರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ, ಮಿತಿ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಲ್ಲಿರುವುದೂ ಅದರಲ್ಲಿಯೇ ಸೇರಬೇಕು.

ಸಸಾರಜನಕದ ಪುಡಿಗಳಿಗೂ ಇದೇ ಪ್ರಶ್ನೆ. ಅವು ಹೊರದೂಡುವುದು ಬೇಳೆ-ಹಾಲಿನ ಹಣವನ್ನು. 60 ಕಿಲೋ ತೂಕದ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಸುಮಾರು 50 ಗ್ರಾಂ ಸಸಾರಜನಕ ಸಾಕು. 250 ಗ್ರಾಂ ಧಾನ್ಯದಿಂದ 20 ಗ್ರಾಂ, 85 ಗ್ರಾಂ ಬೇಳೆಕಾಳುಗಳಿಂದ ಸುಮಾರು 18, 300 ಮಿಲಿಲೀಟರ್ ಹಾಲು-ಮೊಸರಿನಿಂದ ಸುಮಾರು 9, ಹಿಡಿ ಶೇಂಗಾದಿಂದ 7-8 ಗ್ರಾಂ ದೊರೆತರೆ, ಲೆಕ್ಕ 50ನ್ನು ದಾಟುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಆರೋಗ್ಯಪೇಯ ಎಂಬ ಪದವನ್ನೂ ಹಾಗೆಯೇ ಪರೀಕ್ಷಿಸಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಲ್ಲಿ ಅಂಥದೊಂದು ವರ್ಗದ ವ್ಯಾಖ್ಯೆಯೇ ಇಲ್ಲ. ಡಬ್ಬಿಯ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕೆಂಬುದು ನಿಯಮ. ಮೊದಲ ಎರಡು ಮೂರು ಹೆಸರುಗಳಲ್ಲಿ ಸಕ್ಕರೆಯಿದ್ದರೆ, ಕೊಂಡದ್ದು ಏನೆಂಬುದು ಸ್ಪಷ್ಟ.

ಹಾಗಾದರೆ ಉಣ್ಣಬೇಕಾದದ್ದೇನು? ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ, ದಿನಕ್ಕೆ 2,000 ಕಿಲೋಕ್ಯಾಲೊರಿ ಬೇಕಾದವರಿಗೆ ಒಂದು ಮಾದರಿ ತಟ್ಟೆಯನ್ನು ಸೂಚಿಸಿದೆ. ಮೇಲೆ ಹೇಳಿದ ಪ್ರಮಾಣದ ಧಾನ್ಯ, ಬೇಳೆಕಾಳು, ಹಾಲುಗಳ ಜೊತೆಗೆ 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು, 35 ಗ್ರಾಂ ಶೇಂಗಾ, ಎಳ್ಳಿನಂಥ ಬೀಜಗಳು, 27 ಗ್ರಾಂ ಎಣ್ಣೆ-ತುಪ್ಪ ಅದರಲ್ಲಿವೆ. ಮೊಟ್ಟೆ, ಮೀನು, ಮಾಂಸ ಸೇವಿಸುವವರು ಬೇಳೆಕಾಳಿನ ಒಂದು ಪಾಲನ್ನು ಅವುಗಳಿಂದ ತುಂಬಿಕೊಳ್ಳಬಹುದು. ದಿನವೂ ತಕ್ಕಡಿ ಹಿಡಿಯಬೇಕಾಗಿಲ್ಲ. ಎಣ್ಣೆ-ತುಪ್ಪಗಳೆಲ್ಲ ಸೇರಿ ನಾಲ್ವರು ವಯಸ್ಕರಿರುವ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್ ಎಂದು ನೆನಪಿಟ್ಟರೆ, ತಿಂಗಳ ಸಾಮಾನಿನ ಚೀಟಿಯೇ ತಕ್ಕಡಿಯಾಗುತ್ತದೆ. ಅನ್ನ ಒಂದು ಸೌಟು ಕಡಿಮೆಯಾಗಿ ಪಲ್ಯ ಒಂದು ಸೌಟು ಹೆಚ್ಚಾದರೆ, ಸಾರಿನ ತಳದ ಬೇಳೆ ಎಲ್ಲರ ತಟ್ಟೆಗೂ ಸಮನಾಗಿ ಬಿದ್ದರೆ, ಸುಧಾರಣೆಯ ಬಹುಪಾಲು ಅಲ್ಲಿಯೇ ಆಯಿತು.

ಇದರಲ್ಲಿ ಹೊಸತನದ ಆಕರ್ಷಣೆಯಿಲ್ಲ. ಏಳು ದಿನಗಳ ಭರವಸೆಯೂ ಇಲ್ಲ. ಆದರೆ ಇದನ್ನು ಏಳು ವರ್ಷ ನಡೆಸಿಕೊಂಡು ಹೋಗುವುದು ಸಾಧ್ಯ. ಮುಂದಿನ ಸಲಹೆ ನೆರೆಯವರಿಂದ ಬರಲಿ, ಬಂಧುಗಳಿಂದ ಬರಲಿ, ಜಾಹೀರಾತಿನಿಂದಲೇ ಬರಲಿ, ಯಾರಿಗೆ, ಎಷ್ಟು, ಯಾವುದರ ಬದಲಿಗೆ ಎಂದು ಕೇಳಿದ ಬಳಿಕವೇ ಅದಕ್ಕೆ ಅಡುಗೆಮನೆಯೊಳಗೆ ಪ್ರವೇಶ ದೊರೆಯಲಿ. ಅದೇ ಊಟ ಬಲ್ಲವರ ಲಕ್ಷಣ.